ಜೀವದ ಹಕ್ಕು ಯಾರ ಭಿಕ್ಷೆ?



1975ರ ತುರ್ತು ಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಜೈಲಿಗೆ ತಳ್ಳಿದವರ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಖನ್ನಾ ಕೇಳಿದರು: ಪೊಲೀಸಿನವನು ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೆ? ತುರ್ತು ಪರಿಸ್ಥಿತಿ ಇರೋ ತನಕ ಕೋರ್ಟಿನಲ್ಲಿ ದಾರಿಯಿಲ್ಲ ಅಂದರು ಸರ್ಕಾರದ ಅಟಾರ್ನಿ ಜನರಲ್.

ನಮ್ಮ ಕೇರಿಗೆ ಈ ಉತ್ತರ ಹೊಸದೇನಪ್ಪ? ಠಾಣೆ ಬಾಗಿಲಲ್ಲಿ ನಮ್ಮ ಅವ್ವಂದಿರು ಬೇರೆ ದಿನಗಳಲ್ಲೂ ಇದನ್ನೇ ಕೇಳಿಸಿಕೊಂಡು ಬಂದವರು.

1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ನಿಂತರು. ಖನ್ನಾ ಒಬ್ಬರೇ ಒಪ್ಪಲಿಲ್ಲ. 1977ರ ಮಾರ್ಚಿನಲ್ಲಿ ದೇಶ ತಾನು ಕೊಟ್ಟಿದ್ದ ಒಪ್ಪಿಗೆ ವಾಪಸು ತಗೊಂಡಿತು. ನಮ್ಮ ಕರ್ನಾಟಕವೋ, 28ರಲ್ಲಿ 26 ಸೀಟು ಅದೇ ಪಕ್ಷಕ್ಕೆ ಕೊಟ್ಟಿತು, ಅದನ್ನೂ ಹೇಳಬೇಕು.

1978ರ 44ನೇ ತಿದ್ದುಪಡಿ ಬಂದ ಮೇಲೆ 21ನೇ ವಿಧಿಯನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡೋ ಹಾಗಿಲ್ಲ. ಠಾಣೆಗೆ ಹೋಗೋವಾಗ ಇದನ್ನು ಓದಿಕೊಂಡು ಹೋಗಿ, ನಾಲ್ಕು ಜನ ಹೋಗಿ.