ಗೋಡೆಯಾಚೆಯ ಸಂಗೀತ

ಸದ್ದು, ಸಪ್ಪಳ, ಗದ್ದಲ, ಗೌಜು, ಬೊಬ್ಬೆ - ಕಿವಿಗೆ ಬೇಡವಾದುದನ್ನು ಹೆಸರಿಸಲು ಕನ್ನಡದಲ್ಲಿ ಮಾತಿಗೆ ಬರವಿಲ್ಲ. ಬೇಕಾದುದನ್ನು ನಾದವೆನ್ನುತ್ತೇವೆ, ಇಂಪೆನ್ನುತ್ತೇವೆ. ಆದರೆ ಒಂದೇ ಧ್ವನಿ ಗೋಡೆಯ ಈಚೆಗೆ ನಾದವಾಗಿ ಆಚೆಗೆ ಗದ್ದಲವಾಗುವ ಪ್ರಸಂಗವೊಂದಿದೆ. ಅದಕ್ಕೊಂದು ಪ್ರತ್ಯೇಕ ಪದವನ್ನು ನಮ್ಮ ಹಿರಿಯರು ಟಂಕಿಸಿದಂತೆ ಕಾಣೆ. ಬೆಂಗಳೂರಿನ ಇಂದಿರಾನಗರದ ನಿವಾಸಿಗಳಿಗೂ ಅಲ್ಲಿನ ರೆಸ್ಟೋರೆಂಟುಗಳಿಗೂ ವರ್ಷಗಳಿಂದ ನಡೆದಿರುವ ವ್ಯಾಜ್ಯವನ್ನು ಕಂಡಾಗ ಅಂಥದೊಂದು ಪದ ಬೇಕಿತ್ತೆನಿಸುತ್ತದೆ.

ಇಂದಿರಾನಗರ 1970ರ ದಶಕದಲ್ಲಿ ರೂಪುಗೊಂಡ ವಾಸದ ಬಡಾವಣೆ. ಕಾರ್ಖಾನೆಗಳಿಂದ, ಸೇನೆಯಿಂದ ನಿವೃತ್ತರಾದ ಅನೇಕರು ಅಲ್ಲಿ ಮನೆ ಕಟ್ಟಿ, ಮುಂದೊಂದು ಸಂಪಿಗೆಯನ್ನೋ ಮಾವನ್ನೋ ನೆಟ್ಟು ನೆಲೆಸಿದರು. 2007ರ ನಗರಯೋಜನೆ ದೊಡ್ಡ ರಸ್ತೆಗಳ ಇಕ್ಕೆಲದಲ್ಲಿ ವಾಣಿಜ್ಯಕ್ಕೆ ಬಾಗಿಲು ತೆರೆಯಿತು. 2011ರಲ್ಲಿ ಮೆಟ್ರೊ ಬಂತು. ನೂರಡಿ ರಸ್ತೆ, ಹನ್ನೆರಡನೆಯ ಮೇನ್‌ಗಳಲ್ಲಿ ಮನೆಗಳು ಉರುಳಿ ಉಪಾಹಾರ, ಪಾನಗೃಹಗಳೆದ್ದವು. ಅವುಗಳ ಬೆನ್ನಿಗಿರುವ ಅಡ್ಡರಸ್ತೆಗಳಲ್ಲಿ ಮಾತ್ರ ಮನೆಗಳು ಮನೆಗಳಾಗಿಯೇ ಉಳಿದವು. ಹೀಗೆ ಒಂದು ಕಾಂಪೌಂಡಿನ ಈ ಬದಿ ಡ್ರಮ್ಮು, ಆ ಬದಿ ಪರೀಕ್ಷೆಗೆ ಓದುವ ಹುಡುಗಿ.

ಶ್ರೋತೃಗಳು ನಾನು ಹುಡುಗಿಯ ಪಕ್ಷವೆಂದು ಊಹಿಸಬಹುದು. ವಯಸ್ಸಿಗೆ ತಕ್ಕ ಊಹೆ; ಆದರೆ ಪೂರ್ತಿ ನಿಜವಲ್ಲ. ರಘು ದೀಕ್ಷಿತರು ಶಿಶುನಾಳ ಶರೀಫರ ಪದವನ್ನು ಗಿಟಾರಿನೊಡನೆ ಹಾಡಿದಾಗ ಕನ್ನಡ ಪದ್ಯವನ್ನು ಪಠ್ಯದಲ್ಲೂ ಕಾಣದ ತರುಣರು ತಲೆದೂಗಿದರು. ನಲವತ್ತು ಜನರೆದುರು ಹಾಡಿ ಪಳಗದ ಕಲಾವಿದ ನಾಲ್ಕು ಸಾವಿರ ಜನರೆದುರು ನಿಲ್ಲುವುದು ಕಷ್ಟ. ಸಭೆಗಳು ಕರೆಯದ ಹೊಸಬನಿಗೆ ಊಟದ ಮೇಜುಗಳ ನಡುವಣ ಆ ಸಣ್ಣ ಜಗಲಿಯೇ ಗುರುಕುಲ, ಮತ್ತು ತಿಂಗಳ ಬಾಡಿಗೆ.

2018ರಲ್ಲಿ ಆ ಜಗಲಿಗೆ ಕುತ್ತು ಬಂತು. ಬೆಂಗಳೂರು ಪೊಲೀಸ್ ಆಯುಕ್ತರು 2005ರಲ್ಲಿ ಹೊರಡಿಸಿದ್ದ ಲೈಸೆನ್ಸ್ ಆದೇಶವನ್ನು ಆ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆಮೇಲೆ ಸಾಲುಸಾಲಾಗಿ ನೋಟೀಸುಗಳು ಹೋದವು. ಲೈಸೆನ್ಸಿಗೆ ಕಟ್ಟಡದ ಸ್ವಾಧೀನಪತ್ರ ಬೇಕು. ಬೆಂಗಳೂರಿನ ಹಳೆಯ ಕಟ್ಟಡಗಳಲ್ಲಿ ಅದಿರುವುದು ಅಪರೂಪ. ಅನೇಕ ಕಡೆ ವಾದ್ಯಗಳು ಪೆಟ್ಟಿಗೆ ಸೇರಿದವು. ಆದೇಶದಲ್ಲಿ ಕ್ಯಾಬರೆ, ಡಿಸ್ಕೊ, ಲೈವ್ ಬ್ಯಾಂಡ್ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ನಮ್ಮ ಊರಿನಲ್ಲಿ 'ಲೈವ್ ಬ್ಯಾಂಡ್' ಎಂಬ ಮಾತು ಬಹುಕಾಲ ಹೆಣ್ಣುಮಕ್ಕಳನ್ನು ಕುಣಿಸುವ ಬಾರುಗಳಿಗೆ ಹೊದಿಸಿದ ಮುಸುಕಾಗಿತ್ತು. ಆ ಮಾತಿನ ಕಳಂಕವನ್ನು ಒಂಟಿ ಗಿಟಾರಿನವನೂ ಹೊರಬೇಕಾಯಿತು. ಅಗ್ನಿಭಯ, ಕಟ್ಟಡದ ಭದ್ರತೆ ಮುಖ್ಯವಲ್ಲವೆಂದು ನಾನೆನ್ನುವುದಿಲ್ಲ. ಆದರೆ ಪಕ್ಕದ ಮನೆಯವನಿಗೆ ನಿದ್ರೆ ಬರುತ್ತದೆಯೇ ಎಂಬ ಪ್ರಶ್ನೆಗೆ ಸ್ವಾಧೀನಪತ್ರ ಉತ್ತರ ಹೇಳಲಾರದು. ಹಾಡುಗಾರನನ್ನು ಎಬ್ಬಿಸಿ ಕಳುಹಿಸಿದ ಮಾತ್ರಕ್ಕೆ ಮೌನ ನೆಲಸಬೇಕೆಂದೇನೂ ಇಲ್ಲ; ಅವನ ಜಾಗಕ್ಕೆ ಬರುವ ಯಂತ್ರಕ್ಕೆ ಬಾಯಾರಿಕೆಯಿಲ್ಲ, ಸಂಬಳವಿಲ್ಲ, ವಿರಾಮವಿಲ್ಲ.

ನಿದ್ರೆಯ ಪ್ರಶ್ನೆಗೆ ಉತ್ತರವಿರುವುದು ಬೇರೊಂದು ಕಡೆ, ಕೇಂದ್ರ ಸರಕಾರದ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರು. ಹತ್ತು ಡೆಸಿಬೆಲ್ ಅಲ್ಪವೆಂದು ಬಗೆಯಬಾರದು: ಧ್ವನಿಯ ಶಕ್ತಿಯಲ್ಲಿ ಅದು ಹತ್ತು ಪಟ್ಟು, ಕಿವಿಯ ಅನುಭವಕ್ಕೆ ಸುಮಾರು ಎರಡು ಪಟ್ಟು. ಮುಂದಿನ ಕಟ್ಟಡ ವಾಣಿಜ್ಯ, ಹಿಂದಿನದು ವಾಸ ಎಂದಾಗ ಯಾವ ಅಂಕಿ ಅನ್ವಯಿಸಬೇಕೆಂಬಲ್ಲೇ ಅರ್ಧ ಜಗಳ ಹುಟ್ಟುತ್ತದೆ.

ಉಳಿದರ್ಧ ಅಳತೆಯ ಯಂತ್ರದ್ದು. ಈ ನಿಯಮಗಳು ಬಳಸುವುದು 'ಎ' ಎಂಬ ಮಾಪನವನ್ನು. ಮನುಷ್ಯನ ಕಿವಿ ಮಂದ್ರ ಸ್ವರಗಳಿಗೆ ಮಂದವೆಂದು ಅದು ಅವುಗಳ ಲೆಕ್ಕವನ್ನು ತಗ್ಗಿಸುತ್ತದೆ. ಸೆಕೆಂಡಿಗೆ 63 ಕಂಪನಗಳ ಸ್ವರದಿಂದ ಸುಮಾರು 26 ಡೆಸಿಬೆಲ್‌ಗಳನ್ನೇ ಕಳೆದುಬಿಡುತ್ತದೆ. ಗೋಡೆಯ ರೀತಿ ಇದಕ್ಕೆ ವಿರುದ್ಧ. ಪಿಟೀಲಿನ ತಾರಸ್ವರವನ್ನು ಅದು ತಡೆಯುತ್ತದೆ, ಬಾಸ್ ಗಿಟಾರು ಮತ್ತು ದೊಡ್ಡ ಡ್ರಮ್ಮಿನ ಗುದ್ದನ್ನು ಬಿಟ್ಟುಕೊಡುತ್ತದೆ. ಆದ್ದರಿಂದ ನೆರೆಯವನ ಪಾಲಿಗೆ ರಾಗವಿಲ್ಲ, ಸಾಹಿತ್ಯವಿಲ್ಲ; ಹಾಡಿನ ಸಿಪ್ಪೆ ಮಾತ್ರ. ಅಧಿಕಾರಿ ಬಂದು ಯಂತ್ರ ನೋಡಿ ಎಲ್ಲ ಸರಿಯಿದೆಯೆನ್ನುತ್ತಾನೆ. ಕಿಟಕಿಯ ಗಾಜು ನಡುಗುತ್ತಲೇ ಇರುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ರಾಮನವಮಿಗೆ ಚಾಮರಾಜಪೇಟೆಯಲ್ಲಿ, 1939ರಲ್ಲಿ ಹುಟ್ಟಿದ ಶ್ರೀರಾಮಸೇವಾ ಮಂಡಳಿಯ ಚಪ್ಪರದಲ್ಲಿ, ಸಂಗೀತ ನಡೆಯುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ನಡೆಯುತ್ತದೆ, ಆದರೆ ಅಲ್ಲಿ ನೆರೆಯವನೂ ಶ್ರೋತೃವಾಗಬಲ್ಲ, ಮತ್ತು ಉತ್ಸವಕ್ಕೆ ಕೊನೆಯ ದಿನವೆಂಬುದಿದೆ. ಗದ್ದೆಬಯಲಿನ ಚೆಂಡೆಯೂ ಹಾಗೆಯೇ. ಅಷ್ಟಾಗಿಯೂ 2022ರಲ್ಲಿ ಕಟೀಲು ಮೇಳಗಳು ಇದೇ ಶಬ್ದನಿಯಮಗಳ ಕಾರಣದಿಂದ ಇಡೀ ರಾತ್ರಿಯ ಆಟವನ್ನು ಕಾಲಮಿತಿಗೆ ಇಳಿಸಬೇಕಾಯಿತು. ರೆಸ್ಟೋರೆಂಟಿನ ಶನಿವಾರಕ್ಕೆ ಕೊನೆಯಿಲ್ಲ. ಅದರೊಳಗೆ ನೆರೆಯವನಿಗೆ ಆಮಂತ್ರಣವೂ ಇಲ್ಲ.

ಹಾಗಾದರೆ ಹೊರೆ ಯಾರದು? ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ 2014ರಲ್ಲಿ, ಇಂಗ್ಲೆಂಡು 2018ರಲ್ಲಿ ಯೋಜನಾ ನೀತಿಯಲ್ಲಿ ಒಂದು ತತ್ತ್ವವನ್ನು ಸೇರಿಸಿದವು: ಇದ್ದ ಸ್ಥಿತಿಯನ್ನು ಬದಲಿಸಲು ಬಂದವನೇ ಅದರ ಪರಿಹಾರದ ವೆಚ್ಚವನ್ನು ಭರಿಸಬೇಕು. ಅಲ್ಲಿ ಅದು ಬಹುಮಟ್ಟಿಗೆ ಸಂಗೀತದ ರಕ್ಷಣೆಗಾಗಿ ಬಂತು. ಹಳೆಯ ಸಂಗೀತಶಾಲೆಯ ಪಕ್ಕದಲ್ಲಿ ವಸತಿಸಮುಚ್ಚಯ ಕಟ್ಟುವವನು ತನ್ನ ಕಿಟಕಿಗಳನ್ನು ತಾನೇ ಭದ್ರಪಡಿಸಿಕೊಳ್ಳಲಿ ಎಂದು. ಇಂದಿರಾನಗರದಲ್ಲಿ ಅದೇ ತತ್ತ್ವ ಮನೆಯವರ ಕಡೆ ವಾಲುತ್ತದೆ, ಏಕೆಂದರೆ ಅಲ್ಲಿ ಮೊದಲು ಬಂದದ್ದು ಮನೆ. ಆ ವೆಚ್ಚವನ್ನು ರೆಸ್ಟೋರೆಂಟು ಹೊರಲಿ ಎನ್ನುವುದೇ ನನ್ನ ಅಭಿಪ್ರಾಯ. ಅದನ್ನು ಹಾಡುಗಾರನ ಸಂಭಾವನೆಯಲ್ಲಿ ಮುರಿದುಕೊಳ್ಳಬಾರದು ಎಂಬುದನ್ನೂ ಸೇರಿಸುತ್ತೇನೆ.

ವೆಚ್ಚವೇನು ಆಕಾಶಕ್ಕೇರುವುದಲ್ಲ. ತೆರೆದ ಚಾವಣಿಯ ಮೇಲೆ ಬ್ಯಾಂಡನ್ನು ಕೂಡಿಸದಿರುವುದು ಮೊದಲನೆಯದು. ಆಕಾಶಕ್ಕೆ ಗೋಡೆ ಕಟ್ಟಲಾಗದು. ಒಂದರ ಹಿಂದೊಂದು ಎರಡು ಬಾಗಿಲಿದ್ದರೆ ಒಬ್ಬ ಗಿರಾಕಿ ಒಳಬಂದಾಗಲೆಲ್ಲ ಹಾಡು ಬೀದಿಗೆ ಓಡುವುದಿಲ್ಲ. ಧ್ವನಿಪೆಟ್ಟಿಗೆಯನ್ನು ನೆಲಕ್ಕೆ ಅಂಟಿಸದೆ ರಬ್ಬರಿನ ಮೇಲಿಟ್ಟರೆ ಕಂಪನ ಕಟ್ಟಡಕ್ಕಿಳಿಯುವುದು ತಗ್ಗುತ್ತದೆ. ಇಷ್ಟಾದರೂ ಬಾಗಿಲು ಮುಚ್ಚಿದ ಮೇಲೆ ಬೀದಿಯಲ್ಲಿ ನಿಂತು ಕೂಗಾಡುವವರ ಮತ್ತು ಹಾರನ್ ಒತ್ತುವವರ ದೂರು ಉಳಿಯುತ್ತದೆ. ಅದು ಸಂಗೀತದ ತಪ್ಪಲ್ಲ, ಆದರೆ ಶಾಪವೆಲ್ಲ ಸಂಗೀತಕ್ಕೇ.

ಅಳತೆಯ ವಿಷಯಕ್ಕೆ ನನ್ನದೊಂದು ಸೂಚನೆಯಿದೆ. ವಾದ್ಯದವರು ಸಂಜೆ ಆರಕ್ಕೆ ಬಂದು ಧ್ವನಿ ಹೊಂದಿಸಿಕೊಳ್ಳುತ್ತಾರೆ. ಆಗ ರಸ್ತೆಯಲ್ಲಿ ವಾಹನಗಳ ಪ್ರವಾಹ. ಅದರ ಗದ್ದಲದಲ್ಲಿ ಎಷ್ಟೇರಿಸಿದರೂ ಹೆಚ್ಚೆನಿಸದು. ರಸ್ತೆ ಬರಿದಾದ ಮೇಲೆ ಅದೇ ಧ್ವನಿ ನೆರೆಯವನ ಎದೆಯ ಮೇಲೆ ಕುಳಿತಿರುತ್ತದೆ. ಒಂದು ದಿನ ರಾತ್ರಿ ಒಂಬತ್ತೂವರೆಗೆ, ಬೀದಿ ತಣ್ಣಗಾದಾಗ, ರೆಸ್ಟೋರೆಂಟಿನ ಮಾಲೀಕರು ಹಿಂದಿನ ಮನೆಯ ಮಲಗುವ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳಲಿ. ಆ ಮನೆಯವರು ಇತ್ತ ಬಂದು ಬ್ಯಾಂಡಿನ ಪಕ್ಕದಲ್ಲಿ ಕುಳಿತು ಹಾಡು ಕೇಳಲಿ. ಟೆಲಿಫೋನಿನಲ್ಲಿ ಮಾತನಾಡುತ್ತ ತಿರುಪನ್ನು ಇಳಿಸುತ್ತ ಬಂದು, ಇಬ್ಬರೂ ಸಾಕೆಂದ ಕಡೆ ಬಣ್ಣದಿಂದೊಂದು ಗೆರೆ ಎಳೆಯಲಿ. ಬಾಸಿನ ತಿರುಪಿಗೆ ಬೇರೆಯದೇ ಗೆರೆ ಬೇಕಾಗುತ್ತದೆ.