ಹಲಗೆಯೂ ಚಾಪೆಯೂ
(ಸಂಘದ ಸರ್ವಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ರಾಜಕೀಯದಲ್ಲಿ ಧರ್ಮಕ್ಕೆ ಎಷ್ಟು ಸ್ಥಾನ ಎಂಬ ವಿಷಯವಾಗಿ ಪತ್ರಿಕೆಯವರೂ ವಿದ್ವಾಂಸರೂ ಸೇರಿದ್ದ ಒಂದು ಸಭೆಗೆ ಹೋದ ತಿಂಗಳು ನಾನೂ ಹೋಗಿದ್ದೆ. ಓದಿದ್ದು ಏಳನೆಯ ತರಗತಿ. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆದರೆ ಅಲ್ಲಿ ಹೋಟೆಲಿನ ಮಾತೂ ಬರಲಿಲ್ಲ, ಗಿರಣಿಯ ಮಾತೂ ಬರಲಿಲ್ಲ. ಈ ಊರಿನಲ್ಲಿ ಆ ಚರ್ಚೆ ಬೀದಿಗಿಳಿದದ್ದು ನಮ್ಮ ಕಸುಬಿನ ಬಾಗಿಲಲ್ಲೇ ಅಲ್ಲವೇ?

1957ರಲ್ಲಿ ತಿರುವಲ್ಲಿಕೇಣಿಯ ಮುರಳಿ ಕಫೆಯ ಮುಂದೆ ಪೆರಿಯಾರರ ದ್ರಾವಿಡ ಕಳಗಂ ಸತ್ಯಾಗ್ರಹ ಹೂಡಿತು. ಹಲಗೆಯ ಮೇಲಿದ್ದ ‘ಬ್ರಾಹ್ಮಣ’ ಎಂಬ ಪದ ಹೋಗಬೇಕು, ಅಷ್ಟೆ ಬೇಡಿಕೆ. ತಿಂಗಳುಗಟ್ಟಲೆ ಸ್ವಯಂಸೇವಕರು ಬಂದು ಸೆರೆಯಾದರು. ಪೆರಿಯಾರರ ಮನೆಮಾತು ಕನ್ನಡ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ! ದೇವರ ವಿಷಯದಲ್ಲಿ ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಉಡುಪಿ ಕೃಷ್ಣನ ಪಟ ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ. ಹಲಗೆಯ ವಿಷಯದಲ್ಲಿ ಮಾತ್ರ ಅವರದೇ ಸರಿ. ಸಸ್ಯಾಹಾರವೆಂದು ತಿಳಿಸಲು ಸಸ್ಯಾಹಾರ ಎಂದು ಬರೆದರೆ ಸಾಕು.

ಹಲಗೆ ಬೀದಿಗೆ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ನಾನು ಕುಂದಾಪುರದ ಕಡೆಯಿಂದ ಬಂದು ಒಂದು ಹೋಟೆಲು ಸೇರಿದಾಗ ಹಲಗೆಯ ಮೇಲೆ ಯಾವ ಜಾತಿಯೂ ಇರಲಿಲ್ಲ. ಗಲ್ಲಾದಲ್ಲಿದ್ದವರು ಹೆಸರು ಕೇಳಿದರು, ಊರು ಕೇಳಿದರು, ಆಮೇಲೆ “ಯಾರ ಪೈಕಿ?” ಎಂದರು. ಜೊತೆಗೆ ಬಂದವನು ಅಡಿಗೆಮನೆಗೆ ಹೋದ. ನಾನು ನಾಲ್ಕು ವರ್ಷ ತಟ್ಟೆ ತೊಳೆದೆ. ಅಡಿಗೆಮನೆಗೆ ಹೋದವನು ಸುಖಪಟ್ಟನೆಂದು ತಿಳಿಯಬೇಡಿ. ಒಲೆಯ ಮುಂದೆ ಹದಿನಾಲ್ಕು ಗಂಟೆ ನಿಲ್ಲುತ್ತಿದ್ದ, ಸಂಬಳ ಹೆಚ್ಚಿಸಿ ಎಂದಾಗ “ನಮ್ಮವನೇ ಆಗಿ ಹೀಗೆ ಕೇಳಬಹುದೇ?” ಎಂಬ ಉತ್ತರ ಸಿಗುತ್ತಿತ್ತು.

ಗಿರಣಿಯ ಬಾಂಧವರಿಗೆ ಇನ್ನೂ ಹಳೆಯ ಕಥೆಯಿದೆ. 1918ರಲ್ಲಿ ಇಲ್ಲಿ ಮದರಾಸು ಲೇಬರ್ ಯೂನಿಯನ್ ಹುಟ್ಟಿತು. ಅದಕ್ಕೆ ದುಡಿದವರಲ್ಲಿ ತಿರು.ವಿ.ಕ. ಒಬ್ಬರು, ಅವರೂ ಪತ್ರಕರ್ತರೇ, ತಮಿಳು ವಿದ್ವಾಂಸರೇ, ಆದರೆ ಗಿರಣಿಯ ಬಾಗಿಲಿಗೆ ಬಂದವರು. 1921ರಲ್ಲಿ ಪೆರಂಬೂರಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳಲ್ಲಿ ಮುಷ್ಕರವಾಯಿತು. ಸವರ್ಣೀಯರು ಹೊರಗೆ ನಿಂತರು. ಆದಿದ್ರಾವಿಡರಲ್ಲಿ ಬಹಳ ಮಂದಿ ಕೆಲಸಕ್ಕೆ ಹೋದರು. ಕೇರಿಯಲ್ಲಿ ಮುಟ್ಟಿಸಿಕೊಳ್ಳದವರನ್ನು ಮುಷ್ಕರದ ದಿನ ಮಾತ್ರ ಅಣ್ಣತಮ್ಮ ಎಂದರೆ ಅವರು ಏಕೆ ನಂಬಬೇಕು? ಪುಳಿಯಂತೋಪಿನಲ್ಲಿ ಗುಡಿಸಲುಗಳು ಉರಿದವು, ಗುಂಡು ಹಾರಿತು, ಜೀವಗಳು ಹೋದವು. ಮುಷ್ಕರ ಸೋತಿತು. ಆ ಗಿರಣಿಗಳು 1996ರಲ್ಲಿ ಮುಚ್ಚಿಹೋದವು. ಪಾಠವನ್ನು ನಾವು ಇನ್ನೂ ಕಲಿತಂತಿಲ್ಲ.

ಏಕೆ ಹೇಳುತ್ತೇನೆಂದರೆ, ಊರಿನಿಂದ ಹೊಸದಾಗಿ ಬರುವ ಹುಡುಗರಿಗೆ ಸಂಘ ಹಿಡಿದಿರುವ ಎರಡು ಕೊಠಡಿಗಳನ್ನು ಜಾತಿ ನೋಡಿ ಹಂಚಬೇಕೆಂಬ ಸೂಚನೆ ಇಂದು ಬಂದಿದೆ. ತಂದವರು ಕೆಟ್ಟವರಲ್ಲ, ನನ್ನ ಸ್ನೇಹಿತರೇ. ಮೀನು ಬೇಯಿಸುವವರ ಜೊತೆ ಇರುವುದು ಹೇಗೆ ಎನ್ನುತ್ತಾರೆ. ಆ ಕಷ್ಟ ನಿಜ. ಒಲೆ ಎರಡು ಇಡೋಣ, ನನ್ನ ಅಭ್ಯಂತರವಿಲ್ಲ. ಚಾಪೆ ಬೇರೆ ಮಾಡುವುದು ಬೇಡ. ರಾತ್ರಿ ಒಂದೇ ಕೊಠಡಿಯಲ್ಲಿ ಮಲಗದ ಹುಡುಗರನ್ನು ನಾಳೆ ಸಂಬಳದ ಮಾತಿಗೆ ಒಟ್ಟಿಗೆ ಕರೆದುಕೊಂಡು ಹೋಗುವುದು ನನ್ನಿಂದಾಗದು.

ಸೂಚನೆಗೆ ವಿರುದ್ಧವಾಗಿ ನಾನು ಕೈ ಎತ್ತುತ್ತೇನೆ. ಎರಡನೆಯ ಒಲೆಯ ಖರ್ಚಿನ ವಿಷಯವನ್ನು ಖಜಾಂಚಿಯವರು ಹೇಳಲಿ.