ಕಲ್ಲಿನ ಧೂಳು ಮತ್ತು ಬೈಕಿನ ಉಸಿರು

(ಬಿಡದಿ ಕೈಗಾರಿಕಾ ಪ್ರದೇಶದ ಯುವ ಕಾರ್ಮಿಕರು ಹಾಗೂ ಸುತ್ತಲಿನ ಬೆಟ್ಟದ ಊರುಗಳ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪರಿಸರದ ಸಭೆಯಲ್ಲಿ ಮೋಟಾರ್ ಸೈಕಲ್ಲಿನ ಏರ್ ಫಿಲ್ಟರಿನ ಬಗ್ಗೆ ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಈ ವಿಷಯವನ್ನು ನಾನಾಗಿ ಆಯ್ದುಕೊಂಡದ್ದಲ್ಲ. ಇಲ್ಲಿನ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವ ಕೆಲವು ಯುವಕರು ನನ್ನನ್ನು ಕೇಳಿದರು: "ಸಾರ್, ಕಂಪನಿಯ ಕಾಗದದ ಫಿಲ್ಟರನ್ನು ಪ್ರತಿ ಸಲ ಬಿಸಾಡುತ್ತೇವೆ. ತೊಳೆದು ಮತ್ತೆ ಮತ್ತೆ ಬಳಸುವ ಹತ್ತಿಬಟ್ಟೆಯ ಫಿಲ್ಟರು ಬಂದಿದೆಯಲ್ಲ, ಅದನ್ನು ಹಾಕಿಸಿದರೆ ಪರಿಸರಕ್ಕೆ ಒಳ್ಳೆಯದಲ್ಲವೆ?" ಬಿಸಾಡುವ ಬದಲು ತೊಳೆದು ಬಳಸು ಎಂದು ವರ್ಷಗಟ್ಟಲೆ ಉಪದೇಶಿಸಿದ ನಮ್ಮಂಥವರು ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಈ ರಸ್ತೆಗಳಲ್ಲಿ ದಿನನಿತ್ಯ ಓಡಾಡುವವರಿಗೆ ಕಾಗದದ ಫಿಲ್ಟರೇ ಮೇಲು. ಹೀಗೇಕೆ ಹೇಳುತ್ತೇನೆಂಬುದನ್ನು ವಿವರಿಸಲು ಬೆಟ್ಟದಿಂದಲೇ ಆರಂಭಿಸಬೇಕು.

ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯಿಂದ ಬಂದ ಹೆಸರು. ಊರಿನ ಹೆಸರು ಬದಲಾದರೂ ಭೂವಿಜ್ಞಾನಿಗಳು ಇಲ್ಲಿನ ಬಂಡೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಈ ಬಂಡೆಯಲ್ಲಿ ಮುಖ್ಯವಾಗಿ ಇರುವುದು ಬೆಣಚು ಮತ್ತು ಫೆಲ್ಡ್‌ಸ್ಪಾರ್ ಎಂಬ ಖನಿಜಗಳು. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪನದಲ್ಲಿ ಬೆಣಚಿನ ಅಂಕ 7, ಫೆಲ್ಡ್‌ಸ್ಪಾರಿನದು 6. ಕಬ್ಬಿಣದ ಅಂಕ 4ರ ಆಸುಪಾಸು, ಅಲ್ಯೂಮಿನಿಯಂನದು 3ರ ಆಸುಪಾಸು. ಎಂದರೆ ನಮ್ಮ ಬೆಟ್ಟವನ್ನು ಅರೆದಾಗ ಏಳುವ ಧೂಳಿನ ಕಣ, ಬೈಕಿನ ಪಿಸ್ಟನ್ನಿಗಿಂತಲೂ ಅದು ಉಜ್ಜುವ ಸಿಲಿಂಡರಿಗಿಂತಲೂ ಗಟ್ಟಿಯಾದುದು. ಕಲ್ಲುಗಣಿ, ಜಲ್ಲಿ ಕ್ರಷರ್, ಎಂ-ಸ್ಯಾಂಡ್ ಘಟಕಗಳಿರುವ ಕಡೆ ಟಿಪ್ಪರ್ ಲಾರಿಗಳ ಹಿಂದೆ ಏಳುವುದು ಇದೇ ಧೂಳು. ಅದರ ಮೇಲೆ, 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳನ್ನು ನಿಷೇಧಿಸಲಾಯಿತು. ಬೈಕಿನವರ ಪಾಲಿಗೆ ಉಳಿದದ್ದು ಪಕ್ಕದ ಸರ್ವೀಸ್ ರಸ್ತೆ.

ಇನ್ನು ಎಂಜಿನ್ನಿನ ಉಸಿರಾಟದ ಲೆಕ್ಕ. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಲೀಟರಿಗೆ 50 ಕಿಲೋಮೀಟರ್ ಓಡುವ ಬೈಕು 10,000 ಕಿಲೋಮೀಟರ್ ಕ್ರಮಿಸುವಷ್ಟರಲ್ಲಿ 200 ಲೀಟರ್ ಪೆಟ್ರೋಲನ್ನೂ 18 ಲಕ್ಷ ಲೀಟರ್ ಗಾಳಿಯನ್ನೂ ನುಂಗಿರುತ್ತದೆ. ಧೂಳಿನ ರಸ್ತೆಯಲ್ಲಿ ಪ್ರತಿ ಸಾವಿರ ಲೀಟರ್ ಗಾಳಿಯಲ್ಲಿ ಒಂದು ಮಿಲಿಗ್ರಾಂ ಧೂಳಿದೆ ಎಂದು ಇಟ್ಟುಕೊಳ್ಳೋಣ. ಆಗ ಫಿಲ್ಟರಿನ ಮುಂದೆ ಬಂದು ನಿಲ್ಲುವ ಧೂಳು 1,800 ಮಿಲಿಗ್ರಾಂ.

ಕಾಗದದ ಒಳ್ಳೆಯ ಫಿಲ್ಟರುಗಳು ಪ್ರಯೋಗಾಲಯದ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಶೇಕಡ 99ಕ್ಕೂ ಹೆಚ್ಚು ಧೂಳನ್ನು ತಡೆಯುತ್ತವೆ. ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರುಗಳಿಗೆ ತಯಾರಕರೇ ಸಾಮಾನ್ಯವಾಗಿ ಹೇಳಿಕೊಳ್ಳುವುದು ಶೇಕಡ 96ರಿಂದ 99. "ಎರಡೋ ಮೂರೋ ಅಂಶದ ವ್ಯತ್ಯಾಸ ತಾನೆ" ಎಂದು ನೀವು ಅನ್ನಬಹುದು. ಆದರೆ ಎಂಜಿನ್ನು ಸವೆಯುವುದು ತಡೆದ ಧೂಳಿನಿಂದಲ್ಲ, ಒಳನುಸುಳಿದ ಧೂಳಿನಿಂದ. ಶೇಕಡ 99 ತಡೆದರೆ ಒಳಹೋಗುವುದು 18 ಮಿಲಿಗ್ರಾಂ. ಶೇಕಡ 97 ತಡೆದರೆ 54 ಮಿಲಿಗ್ರಾಂ. ಫಿಲ್ಟರಿನ ಡಬ್ಬಿಯ ಮೇಲೆ ಎರಡು ಅಂಶದ ವ್ಯತ್ಯಾಸವಾದದ್ದು ಪಿಸ್ಟನ್ ರಿಂಗಿನ ಪಾಲಿಗೆ ಮೂರು ಪಟ್ಟು ಮರಳು.

ಹಾಗಾದರೆ ತೊಳೆಯುವ ಫಿಲ್ಟರು ಯಾರಿಗಾಗಿ ಹುಟ್ಟಿತು? ಈ ಬಗೆಯಲ್ಲಿ ಜಗತ್ತಿಗೆಲ್ಲ ಪರಿಚಿತವಾದ ಕೆ ಅಂಡ್ ಎನ್ ಕಂಪನಿ ಆರಂಭವಾದದ್ದು 1969ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಗಾಳಿ ಸರಾಗವಾಗಿ ಒಳಬರುವುದು ಇದರ ಗುಣ. ರೇಸಿನವರು ಮೆಚ್ಚಿದ್ದು ಅದನ್ನೇ. ರೇಸಿನ ಎಂಜಿನ್ನನ್ನು ಮೇಲಿಂದ ಮೇಲೆ ಬಿಚ್ಚಿ ರಿಂಗು, ಪಿಸ್ಟನ್ ಬದಲಿಸುತ್ತಾರೆ. ಅವರಿಗೆ ಸವೆತದ ಚಿಂತೆ ಕಡಿಮೆ. ಹತ್ತು ಹದಿನೈದು ವರ್ಷ ಒಂದೇ ಬೈಕಿನಲ್ಲಿ ಸಂಸಾರ ಸಾಗಿಸುವ ನಮಗೆ ಅದೇ ದೊಡ್ಡ ಚಿಂತೆ. ಗಾಳಿ ಹೆಚ್ಚು ಬಂದರೆ ಮೈಲೇಜ್ ಹೆಚ್ಚುತ್ತದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಹಳೆಯ ಕಾರ್ಬುರೇಟರ್ ಬೈಕುಗಳಲ್ಲಿ ಜೆಟ್ ಬದಲಿಸದೆ ಗಾಳಿಯನ್ನು ಮಾತ್ರ ಹೆಚ್ಚಿಸಿದರೆ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯೇರುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಬೈಕುಗಳಲ್ಲಿ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಯಂತ್ರವೇ ಅಳೆದು ಸಿಂಪಡಿಸುತ್ತದೆ. ದಿನನಿತ್ಯದ ಓಡಾಟದಲ್ಲಿ ಫಿಲ್ಟರಿನಿಂದ ಸಿಗುವ ಲಾಭ ಕಣ್ಣಿಗೆ ಕಾಣುವಂಥದ್ದಲ್ಲ.

ತೊಳೆಯುವ ಫಿಲ್ಟರು ಕೆಲಸ ಮಾಡುವುದು ಅದರ ಎಣ್ಣೆಯಿಂದ. ಬಟ್ಟೆಯ ಎಳೆಗಳ ನಡುವಿನ ಸಂದು ದೊಡ್ಡದು. ಧೂಳು ಎಣ್ಣೆಗೆ ಅಂಟಿ ಉಳಿಯಬೇಕು. ಹಳೆಯ ಟ್ರ್ಯಾಕ್ಟರುಗಳಲ್ಲಿ ಎಣ್ಣೆ ತುಂಬಿದ ಬಟ್ಟಲಿನ ಫಿಲ್ಟರ್ ಕಂಡಿರುವ ರೈತರಿಗೆ ಈ ತತ್ವ ಹೊಸದಲ್ಲ. ಅದನ್ನು ಅದಕ್ಕೆಂದೇ ಇರುವ ದ್ರಾವಣದಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಅದರದೇ ಎಣ್ಣೆಯನ್ನು ಹದವಾಗಿ ಹಾಕಬೇಕು. ಎಣ್ಣೆ ಕಡಿಮೆಯಾದರೆ ಅದು ಬರಿಯ ಬಟ್ಟೆ. ಹೆಚ್ಚಾದರೆ ಎಣ್ಣೆ ಒಳಗೆ ಹರಿದು ಥ್ರಾಟಲಿನ ಬಾಯಿಯಲ್ಲಿ ಜಿಡ್ಡುಗಟ್ಟುತ್ತದೆ. ಒಂದು ಗ್ಯಾರೇಜಿನಲ್ಲಿ ನಾನು ಕಂಡದ್ದೇ ಬೇರೆ. ಹುಡುಗನೊಬ್ಬ ಫಿಲ್ಟರನ್ನು ಪೆಟ್ರೋಲಿನಲ್ಲಿ ಅದ್ದಿ ಉಜ್ಜಿದ, ಕಂಪ್ರೆಸರಿನ ಗಾಳಿ ಹೊಡೆದು ಒಣಗಿಸಿದ, ಹಾಗೆಯೇ ಕೂರಿಸಿದ. ಎಣ್ಣೆ ಎಲ್ಲಪ್ಪ ಎಂದರೆ, "ಅದು ಬೆಂಗಳೂರಲ್ಲಿ ಸಿಗುತ್ತೆ ಸಾರ್" ಎಂದ. ತೊಳೆದ ಪೆಟ್ರೋಲನ್ನು ಮೋರಿಗೆ ಸುರಿದ.

ಆ ಮೋರಿ ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಬರುವ ವೃಷಭಾವತಿ ಬಿಡದಿಯ ಬಳಿಯ ಬೈರಮಂಗಲ ಕೆರೆಯನ್ನು ಸೇರುತ್ತದೆ. ಮುಂದೆ ಅರ್ಕಾವತಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿ. ಆ ಕೆರೆಯ ನೊರೆಯನ್ನು ನೋಡದವರು ಈ ಸಭೆಯಲ್ಲಿ ಯಾರಿದ್ದೀರಿ? ಒಂದು ಹಿಡಿ ಕಾಗದವನ್ನು ಉಳಿಸಿದೆವೆಂದು ಹೆಮ್ಮೆಪಡುತ್ತ ಆ ನೀರಿಗೆ ಇನ್ನಷ್ಟು ಎಣ್ಣೆ, ಇನ್ನಷ್ಟು ಮಾರ್ಜಕ ಸುರಿಯುವುದನ್ನು ಪರಿಸರ ಪ್ರೇಮ ಎನ್ನಲಾಗದು.

ಕಸದ ವಿಷಯವನ್ನೂ ತೂಗಿ ನೋಡೋಣ. ಬಿಸಾಡುವ ಫಿಲ್ಟರಿನಲ್ಲಿ ಕಾಗದದ ಜೊತೆ ಪ್ಲಾಸ್ಟಿಕ್ಕು, ರಬ್ಬರು ಇರುತ್ತವೆ. ಅದನ್ನು ಗ್ಯಾರೇಜಿನ ಹಿಂದೆ ಸುಡಬಾರದು. ಅದು ಕಸವೇ, ನಿರಾಕರಿಸುವುದಿಲ್ಲ. ಆದರೆ ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನಮ್ಮ ಲೆಕ್ಕದ 200 ಲೀಟರಿಗೆ ಅದು 460 ಕಿಲೋ. ಇದರ ಮುಂದೆ ಅಂಗೈಯಗಲದ ಫಿಲ್ಟರಿನ ಭಾರವೆಷ್ಟು? ಇನ್ನೊಂದು ಮಾತು: ರಿಂಗು ಸವೆದ ಎಂಜಿನ್ ಆಯಿಲನ್ನೂ ಸುಡುತ್ತದೆ, ನೀಲಿ ಹೊಗೆ ಬಿಡುತ್ತದೆ. ಆ ಆಯಿಲಿನಲ್ಲಿರುವ ರಂಜಕ, ಸತುವು ಸೈಲೆನ್ಸರಿನೊಳಗೆ ವಿಷಾನಿಲವನ್ನು ಶುದ್ಧಗೊಳಿಸುವ ವೇಗವರ್ಧಕವನ್ನು ಕ್ರಮೇಣ ಹಾಳುಮಾಡುತ್ತವೆ. ಒಳಬರುವ ಗಾಳಿಯನ್ನು ಕಾಯುವ ಫಿಲ್ಟರು ಹೊರಹೋಗುವ ಹೊಗೆಯನ್ನೂ ಕಾಯುತ್ತಿರುತ್ತದೆ.

ಫಿಲ್ಟರಿನ ಪೆಟ್ಟಿಗೆಯನ್ನೇ ಕಿತ್ತು, ಬರಿಯ ಶಂಕುವಿನಾಕಾರದ ಫಿಲ್ಟರು ತೂಗುಹಾಕುವ ಗೀಳು ಕೆಲವು ಯುವಕರಲ್ಲಿದೆ. ಆ ಪೆಟ್ಟಿಗೆ ಎಂಜಿನ್ನು ಗಾಳಿ ಎಳೆಯುವ ಸದ್ದನ್ನೂ ಅಡಗಿಸುತ್ತದೆ. 2012ರಲ್ಲಿ ರಣಹದ್ದುಗಳ ಧಾಮವಾಗಿ ಘೋಷಿತವಾದ ರಾಮದೇವರ ಬೆಟ್ಟದ ಬುಡದಲ್ಲಿ, ಉದ್ದ ಕೊಕ್ಕಿನ ರಣಹದ್ದುಗಳು ಗೂಡುಕಟ್ಟುವ ಬಂಡೆಗಳ ಕೆಳಗೆ, ಭಾನುವಾರದ ಬೈಕುಗಳ ಆರ್ಭಟ ಏನು ಮಾಡುತ್ತದೆಂಬುದನ್ನು ಯೋಚಿಸಿರಿ.

ಹಾಗಾದರೆ ಮಾಡಬೇಕಾದದ್ದೇನು? ಕಂಪನಿಯ ಅಸಲಿ ಫಿಲ್ಟರನ್ನೇ ಹಾಕಿಸಿರಿ. ಕೈಪಿಡಿಯಲ್ಲಿ ಹೇಳಿದ ಅಂತರ ಸಾಮಾನ್ಯ ರಸ್ತೆಯದು. ಕ್ರಷರ್ ದಾರಿಯಲ್ಲಿ ಓಡಾಡುವವರು ಇನ್ನೂ ಬೇಗ ಬದಲಿಸಬೇಕು. ಕಟ್ಟಿಕೊಂಡ ಫಿಲ್ಟರಿನಿಂದ ಹಳೆಯ ಬೈಕುಗಳು ಹೆಚ್ಚು ಪೆಟ್ರೋಲ್ ಕುಡಿದು ಕಪ್ಪು ಹೊಗೆ ಬಿಡುತ್ತವೆ. ಈಗಿನ ಹಲವು ಬೈಕುಗಳಲ್ಲಿರುವುದು ಎಣ್ಣೆ ಸವರಿದ ಕಾಗದ. ಅದಕ್ಕೆ ಗಾಳಿ ಹೊಡೆಸಬೇಡಿರಿ, ತೊಳೆಯಬೇಡಿರಿ. ಬದಲಿಸುವಾಗ ಒಳಬದಿಯ ಕೊಳವೆಯಲ್ಲಿ ಬೆರಳಾಡಿಸಿ ನೋಡಿರಿ. ಬೆರಳಿಗೆ ಧೂಳು ಹತ್ತಿದರೆ ಫಿಲ್ಟರಿನ ಅಂಚು ಸರಿಯಾಗಿ ಕೂತಿಲ್ಲ. ಅಂಚಿನಲ್ಲಿ ಸಂದಿದ್ದರೆ ಎಷ್ಟು ದುಬಾರಿ ಫಿಲ್ಟರಾದರೂ ವ್ಯರ್ಥ. ಧೂಳು ಕಡಿಮೆಯಿರುವ ಡಾಂಬರು ರಸ್ತೆಯಲ್ಲಿ ಓಡಾಡುವವರು, ಸರಿಯಾದ ದ್ರಾವಣ ಎಣ್ಣೆಗಳನ್ನು ತಂದಿಟ್ಟುಕೊಂಡು ತಾವೇ ತಾಳ್ಮೆಯಿಂದ ನೋಡಿಕೊಳ್ಳುವವರು, ತೊಳೆಯುವ ಫಿಲ್ಟರು ಬಳಸಿದರೆ ನನ್ನ ಆಕ್ಷೇಪವಿಲ್ಲ. ಹಳೆಯ ಬೈಕುಗಳಲ್ಲಿ ಕಂಪನಿಯೇ ಕೊಟ್ಟ ಸ್ಪಂಜಿನ ಫಿಲ್ಟರುಗಳೂ ಹೀಗೆ ತೊಳೆದು ಎಣ್ಣೆ ಹಾಕುವಂಥವೇ. ತೊಳೆದ ಕೊಳೆಯನ್ನು ಮಾತ್ರ ಮೋರಿಗೆ ಬಿಡದೆ ಗ್ಯಾರೇಜಿನ ಹಳೆಯ ಆಯಿಲಿನ ಡ್ರಮ್ಮಿಗೆ ಸೇರಿಸಿರಿ.

ಕೊನೆಯದಾಗಿ ಒಂದು ಮಾತು. ಬೈಕಿಗೆ ಎರಡು ಬಗೆಯ ಫಿಲ್ಟರುಗಳ ನಡುವೆ ಆಯ್ಕೆಯಿದೆ. ಅದೇ ರಸ್ತೆಯ ಬದಿಯಲ್ಲಿ ನಡೆದು ಶಾಲೆಗೆ ಹೋಗುವ ಮಗುವಿಗೆ, ಕ್ರಷರಿನಲ್ಲಿ ಜಲ್ಲಿ ತುಂಬುವ ತಾಯಿಗೆ ಯಾವ ಆಯ್ಕೆಯಿದೆ? ಎಂಜಿನ್ನನ್ನು ಸವೆಸುವ ಬೆಣಚಿನ ಧೂಳೇ ಶ್ವಾಸಕೋಶವನ್ನು ಹೊಕ್ಕು ಸಿಲಿಕೋಸಿಸ್ ತರುತ್ತದೆ. ಆ ರೋಗಕ್ಕೆ ವಾಸಿಯಿಲ್ಲ. ಕ್ರಷರುಗಳು ಯಂತ್ರಗಳನ್ನು ಮುಚ್ಚಿಡಬೇಕು, ನೀರು ಸಿಂಪಡಿಸಬೇಕು, ಗಾಳಿತಡೆ ಗೋಡೆ ಕಟ್ಟಬೇಕು, ಸುತ್ತ ಗಿಡ ಬೆಳೆಸಬೇಕು ಎಂದು ಕೇಂದ್ರದ ಪರಿಸರ ನಿಯಮಗಳು ಹೇಳುತ್ತವೆ. ಕ್ರಷರುಗಳ ನಿಯಂತ್ರಣಕ್ಕೆಂದೇ ಕರ್ನಾಟಕದಲ್ಲಿ 2011ರ ಕಾಯ್ದೆಯಿದೆ. ಧೂಳು ಹುಟ್ಟುವಲ್ಲಿಯೇ ಹಾಕಬೇಕಾದ ಫಿಲ್ಟರು ಇದು. ನಿಮ್ಮ ಬೈಕಿನ ಹಳೆಯ ಫಿಲ್ಟರನ್ನು ಮುಂದಿನ ಸಲ ಬಿಸಾಡುವ ಮುನ್ನ ಗ್ರಾಮಸಭೆಗೆ ತನ್ನಿರಿ. ಎಷ್ಟು ಕಿಲೋಮೀಟರಿಗೆ ಅದು ಅಷ್ಟು ಕಪ್ಪಾಯಿತೆಂದು ಬರೆದು ಮೇಜಿನ ಮೇಲಿಡಿರಿ. ನಮ್ಮ ಊರಿನ ಗಾಳಿಯ ಬಗ್ಗೆ ಅದಕ್ಕಿಂತ ಸ್ಪಷ್ಟವಾದ ಅರ್ಜಿಯನ್ನು ನಾವು ಬರೆಯಲಾರೆವು.